ಚುರುಕು ಮಗುವನ್ನು ಊರು ಬಿಡಿಸುವ ಮೊದಲು

ಮಗು ಚುರುಕು ಅಂತ ಗೊತ್ತಾದರೆ ಸಾಕು, ನಮ್ಮ ಕಡೆ ಒಂದೇ ಮಾತು ಶುರುವಾಗುತ್ತದೆ. "ಇಲ್ಲಿಟ್ಟುಕೊಂಡು ಹಾಳು ಮಾಡಬೇಡಿ, ಹೊರಗೆ ಹಾಕಿ." ಹೊರಗೆ ಅಂದರೆ ಶಿವಮೊಗ್ಗದ ಕಾನ್ವೆಂಟು, ಇಲ್ಲವೇ ಘಟ್ಟದ ಕೆಳಗಿನ ಹಾಸ್ಟೆಲ್ಲು. ಹತ್ತು ವರ್ಷದ ಮಗು ಟ್ರಂಕು ಹಿಡಿದು ಹೊರಡುತ್ತದೆ. ಹೊಸನಗರದ ಕಡೆ ಸಣ್ಣ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ನನಗೆ ಇದನ್ನು ನೋಡಿದರೆ ಸಂಕಟವಾಗುತ್ತದೆ. ಅಂಥ ಮಗುವಿಗೆ ಬೇಕಾದದ್ದು ನಮ್ಮ ಒಂದೇ ಕೋಣೆಯ ಶಾಲೆಯಲ್ಲೇ ಇದೆ ಅಂತ ನಾನು ನಂಬಿದ್ದೇನೆ.

ಐದನೇ ಕ್ಲಾಸಿನವರಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಮುಕ್ಕಾಲು ದೊಡ್ಡದೋ, ಆರರಲ್ಲಿ ಐದು ಭಾಗ ದೊಡ್ಡದೋ ಅಂತ ಕೇಳಿದೆ. ಅವರು ಛೇದ ಸಮ ಮಾಡಲು ಲೆಕ್ಕ ಬರೆಯುತ್ತಾ ಕೂತರು. ಮೂಲೆಯಲ್ಲಿ ನಲಿ-ಕಲಿ ಕಾರ್ಡು ಹಿಡಿದಿದ್ದ ಮೂರನೇ ಕ್ಲಾಸಿನ ಹುಡುಗಿ ತಲೆ ಎತ್ತಿದಳು. "ಟೀಚರ್, ಎರಡರಲ್ಲೂ ಒಂದೊಂದೇ ತುಂಡು ಕಮ್ಮಿ. ಆರು ಮಾಡಿದ್ರೆ ತುಂಡು ಸಣ್ಣದಾಗುತ್ತೆ. ಸಣ್ಣ ತುಂಡು ಹೋಗಿದ್ದರಲ್ಲೇ ಜಾಸ್ತಿ ಉಳಿಯೋದು ಅಲ್ವಾ?" ಅವಳಿಗೆ ಯಾರೂ ಭಿನ್ನರಾಶಿ ಹೇಳಿಕೊಟ್ಟಿರಲಿಲ್ಲ. ಪಕ್ಕದ ಪಾಠ ಕಿವಿಗೆ ಬಿದ್ದಿತ್ತು, ಅಷ್ಟೇ. ಕ್ಲಾಸಿಗೊಂದು ಕೋಣೆ ಇರುವ ಶಾಲೆಯಲ್ಲಿ ಅದು ಬೀಳುತ್ತಲೇ ಇರಲಿಲ್ಲ.

ನಲಿ-ಕಲಿ ನಮ್ಮದೇ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. ಗೋಡೆ ಮೇಲೆ ಕಲಿಕಾ ಏಣಿ ಇರುತ್ತದೆ, ಪ್ರತಿ ಮಗುವೂ ತನ್ನ ವೇಗದಲ್ಲಿ ಅದನ್ನು ಹತ್ತುತ್ತದೆ. ಬೇಗ ಮುಗಿಸಿದವರು ಕಾಯಬೇಕಿಲ್ಲ. ಆದರೆ ಮೂರನೇ ಕ್ಲಾಸಿಗೆ ಏಣಿ ಮುಗಿಯಿತು. ನಾಲ್ಕರಿಂದ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ಚುರುಕು ಮಕ್ಕಳು ಕಿಟಕಿ ಕಡೆ ನೋಡುತ್ತಾ ಕೂರಲು ಶುರು ಮಾಡುವುದು ಆಗಲೇ.

ಬೇರೆ ದಾರಿಗಳು ಇಲ್ಲ ಅಂತಲ್ಲ. ಗಾಜನೂರಿನ ನವೋದಯ, ಅಂದರೆ ಪ್ರವೇಶ ಪರೀಕ್ಷೆ ಬರೆದು ಸೇರುವ ಕೇಂದ್ರ ಸರ್ಕಾರದ ವಸತಿ ಶಾಲೆ, ನಿಜವಾಗಿಯೂ ಒಳ್ಳೆಯ ಅವಕಾಶ. ಆರನೇ ಕ್ಲಾಸಿಗೆ 80 ಸೀಟು, ಅದರಲ್ಲಿ ಮುಕ್ಕಾಲು ಪಾಲಾದರೂ ಹಳ್ಳಿ ಮಕ್ಕಳಿಗೆ. ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು. ಖಂಡಿತ ಬರೆಸಿ. ಆದರೆ ಅವಕಾಶ ಒಂದೇ ಸಲ, ಎರಡು ಗಂಟೆಯಲ್ಲಿ 80 ಪ್ರಶ್ನೆ. ಒಂದೇ ಲೆಕ್ಕವನ್ನು ಅರ್ಧ ದಿನ ತಿರುವಿ ನೋಡುವ ಮಗು ಅಲ್ಲಿ ಸೋಲಬಹುದು. ಸೋತರೆ ಅದು ಬುದ್ಧಿವಂತ ಮಗು ಅಲ್ಲ ಅಂತ ದಯವಿಟ್ಟು ತೀರ್ಮಾನ ಮಾಡಬೇಡಿ.

ಮನೆಯಲ್ಲೇ ಓದಿಸುತ್ತೇವೆ ಅನ್ನುವವರೂ ಇದ್ದಾರೆ. 14 ತುಂಬಿದರೆ ಎನ್‌ಐಒಎಸ್ ಅನ್ನುವ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು, ನಿಜ. ಪೇಟೆಯಲ್ಲಿ ಅದು ನಡೆದೀತು. ಮಲೆನಾಡಿನಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ ಅಡ್ಡ. ಅಪ್ಪ ಅಮ್ಮ ಇಬ್ಬರೂ ತೋಟದಲ್ಲಿ. ಮಳೆಗಾಲದಲ್ಲಿ ಕರೆಂಟಿಲ್ಲ, ನೆಟ್ಟಂತೂ ಕೇಳಲೇಬೇಡಿ. ಒಂಟಿ ಮನೆಯ ಮಗುವಿಗೆ ಇನ್ನೊಂದು ಮಗು ಸಿಗುವುದೇ ಶಾಲೆಯಲ್ಲಿ.

ಇಡೀ ಕ್ಲಾಸು ಹಾರಿಸುವುದೂ ನನಗೆ ಒಪ್ಪಿಗೆಯಿಲ್ಲ. ಗಣಿತದಲ್ಲಿ ಮುಂದಿರುವ ಮಗು ಆಟದಲ್ಲಿ, ಅಳುವಿನಲ್ಲಿ, ಜಗಳದಲ್ಲಿ ಎಂಟು ವರ್ಷದ್ದೇ. ಹಾಗಾಗಿ ಆ ಹುಡುಗಿ ಗಣಿತದ ಪಿರಿಯಡ್ಡಿಗೆ ಮಾತ್ರ ಐದನೇ ಕ್ಲಾಸಿನವರ ಜೊತೆ ಕೂರುತ್ತಾಳೆ. ಉಳಿದದ್ದೆಲ್ಲ ಅವಳ ಗೆಳತಿಯರ ಜೊತೆ. ಇದಕ್ಕೆ ಕಾಸು ಖರ್ಚಿಲ್ಲ, ಒಂದು ಮಣೆ ಆಚೆ ಸರಿಸಿದರೆ ಆಯಿತು. ನಾಟಕ, ಚಿತ್ರ, ಹಕ್ಕಿ, ಹಾವು ಅಂತ ಹುಚ್ಚು ಹಿಡಿಸಿಕೊಂಡ ಮಕ್ಕಳಿಗೂ ಅಷ್ಟೇ, ಆ ವಿಷಯ ಗೊತ್ತಿರುವ ಒಬ್ಬ ದೊಡ್ಡವರು ವಾರಕ್ಕೊಮ್ಮೆ ಸಿಕ್ಕರೆ ಸಾಕು. ಹೆಗ್ಗೋಡಿನಂಥ ಹಳ್ಳಿಯಲ್ಲಿ 1949ರಿಂದ ನೀನಾಸಂ ಅನ್ನುವ ನಾಟಕ ಸಂಸ್ಥೆ ಇದೆ. ಊರಲ್ಲಿ ಏನಿದೆ ಅಂತ ಕೇಳುವವರು ಅದನ್ನು ನೆನಪಿಸಿಕೊಳ್ಳಬೇಕು.

ಈಗ ಮಕ್ಕಳು ಕಮ್ಮಿ ಅಂತ ಇಂಥ ಶಾಲೆಗಳನ್ನು ಪಕ್ಕದ ಶಾಲೆಗೆ ಸೇರಿಸುವ ಮಾತು ಮತ್ತೆ ಮತ್ತೆ ಬರುತ್ತಿದೆ. ನಿಮ್ಮೂರಲ್ಲಿ ಆ ಮಾತು ಬಂದರೆ ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋಗಿ, ಬೇಡ ಅಂತ ಬರವಣಿಗೆಯಲ್ಲಿ ಕೊಡಿ. ಜೊತೆಗೆ ಇನ್ನೊಂದು ಕೇಳಿ: ನಾಲ್ಕನೇ ಕ್ಲಾಸಿನ ಮಗು ಒಂದು ವಿಷಯದಲ್ಲಿ ಮುಂದಿದ್ದರೆ, ಆ ಪಿರಿಯಡ್ಡಿಗೆ ಆರನೆಯವರ ಜೊತೆ ಕೂರಿಸುತ್ತೀರಾ ಅಂತ. ಟೀಚರಿಗೆ ಹೂಂ ಅನ್ನಲು ಪೋಷಕರು ಕೇಳಿದ್ದೇ ದೊಡ್ಡ ಬಲ.