ಹೇಂಟೆಯ ವಂಶ ಬರೆದಿಡುವವರ ನಡುವೆ

ನಾನು ಬಂಟ್ವಾಳದ ಕಡೆಯವನು. ಈಗ ಇರುವುದು ಅಮೆರಿಕದ ಒಹಾಯೊ ರಾಜ್ಯದಲ್ಲಿ, ಕೊಲಂಬಸ್ ನಗರದಿಂದ ಸ್ವಲ್ಪ ಹೊರಗೆ. ಬಕ್‌ಐ ಎಂಬ ತಳಿಯ ಕೋಳಿ ಸಾಕುತ್ತೇನೆ. ಊರಿನಲ್ಲಿ ಇದನ್ನು ಹೇಳಿದರೆ "ಮೊಟ್ಟೆಗೋ, ಮಾಂಸಕ್ಕೋ?" ಎಂದು ಕೇಳುತ್ತಾರೆ. ಎರಡಕ್ಕೂ ಹೌದು, ಆದರೆ ಅದಕ್ಕಿಂತ ಹೆಚ್ಚಾಗಿ ಆ ತಳಿ ಉಳಿಯಲಿ ಅಂತ. ಈ ಉತ್ತರ ಕೇಳಿ ಸುಮ್ಮನಾಗುವವರೇ ಜಾಸ್ತಿ. ಅವರ ತಪ್ಪೇನಿಲ್ಲ. ಕೋಳಿಯ ತಳಿ ಕಾಯುವ ಕೆಲಸ ನಮ್ಮಲ್ಲಿ ಯಾರ ಪಾಲಿಗೂ ಬಂದಿಲ್ಲ.

ಬಕ್‌ಐ ಇದೇ ರಾಜ್ಯದಲ್ಲಿ ಹುಟ್ಟಿದ ಕೋಳಿ. ವಾರೆನ್ ಎಂಬ ಊರಿನ ನೆಟ್ಟಿ ಮೆಟ್‌ಕಾಫ್ ಎಂಬ ಹೆಂಗಸು 1896ರ ಸುಮಾರಿಗೆ ತನ್ನ ಹಿತ್ತಲಿನಲ್ಲೇ ಇದನ್ನು ಬೆಳೆಸಿದಳು. ಪಟ್ಟೆಪಟ್ಟೆಯ ಪ್ಲಿಮತ್ ರಾಕ್ ಹೇಂಟೆಗಳಿಗೆ ಬಫ್ ಕೊಚಿನ್ ಹುಂಜ ಬಿಟ್ಟಳು. ಮರಿಗಳು ದಪ್ಪಗಾದವು, ಆದರೆ ಸೋಮಾರಿಗಳು. ಆಮೇಲೆ ಅವಕ್ಕೆ ಕಾಳಗದ ವಂಶದ ಕೆಂಪು ಹುಂಜ ಸೇರಿಸಿದಳು. ಹೊರಬಂದದ್ದು ಗಾಢ ಕೆಂಪು ಬಣ್ಣದ, ಅಗಲ ಬೆನ್ನಿನ, ಹೊಲದಲ್ಲಿ ಇಲಿ ಸಿಕ್ಕರೆ ಬೆಕ್ಕಿನ ಹಾಗೆ ಎರಗುವ ಕೋಳಿ. ಇದರ ಜುಟ್ಟು ಬಟಾಣಿಕಾಳು ಸಾಲಿಟ್ಟಂತೆ ತಲೆಗೆ ಅಂಟಿಕೊಂಡಿರುತ್ತದೆ. ಇಲ್ಲಿನ ಜನವರಿಯಲ್ಲಿ ಎತ್ತರದ ಜುಟ್ಟಿನ ಕೋಳಿಗಳಿಗೆ ಹಿಮಕ್ಕೆ ಜುಟ್ಟಿನ ತುದಿ ಸತ್ತು ಕಪ್ಪಾಗುತ್ತದೆ, ಇವಕ್ಕೆ ಆ ಕಾಟ ಕಡಿಮೆ. ಅಮೆರಿಕದಲ್ಲಿ ಅಧಿಕೃತವಾಗಿ ಒಪ್ಪಿಕೊಂಡ ತಳಿಗಳ ಪೈಕಿ ಒಬ್ಬ ಹೆಂಗಸು ರೂಪಿಸಿದ್ದೆಂದು ಹೆಸರಾದದ್ದು ಇದೊಂದೇ. 1904ರಲ್ಲಿ ಇದಕ್ಕೆ ಮಾನ್ಯತೆ ಸಿಕ್ಕಿತು. ಅದೇ ವರ್ಷ ಮಾನ್ಯವಾದ ರೋಡ್ ಐಲೆಂಡ್ ರೆಡ್ ನಮ್ಮ ದೇಶದ ಕೋಳಿ ಫಾರಂಗಳವರೆಗೂ ಬಂತು. ಬಕ್‌ಐ ಒಹಾಯೊದ ಕೆಲವು ಹಿತ್ತಲುಗಳಲ್ಲಿ ಉಳಿಯಿತು, ಕೊನೆಗೆ ಅಳಿವಿನಂಚಿಗೂ ಹೋಯಿತು. 2005ರ ಹೊತ್ತಿಗೆ ಅಪರೂಪದ ತಳಿಗಳನ್ನು ಕಾಯುವ ಸಂಸ್ಥೆಯೊಂದು ಮುತುವರ್ಜಿ ವಹಿಸಿ, ಮರಿಗಳನ್ನು ತೂಗಿ, ಆರಿಸಿ, ಆಸಕ್ತರಿಗೆ ಹಂಚಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿತು.

ಇಲ್ಲಿನವರ ರೀತಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬರವಣಿಗೆ. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ 1873ರಲ್ಲಿ ಬಫಲೊ ನಗರದಲ್ಲಿ ಶುರುವಾಯಿತು, ಮರುವರ್ಷವೇ ಒಂದೊಂದು ತಳಿ ಹೇಗಿರಬೇಕು ಎಂಬ ಪುಸ್ತಕ ತಂದಿತು. ಅದು ಇವತ್ತಿಗೂ ತಿದ್ದುಪಡಿಯಾಗಿ ಅಚ್ಚಾಗುತ್ತಿದೆ. ಬಕ್‌ಐ ಹುಂಜ ಒಂಬತ್ತು ಪೌಂಡ್, ಅಂದರೆ ನಾಲ್ಕು ಕಿಲೋ ಆಸುಪಾಸು. ಹೇಂಟೆ ಆರೂವರೆ ಪೌಂಡ್. ಕಾಲು ಹಳದಿ, ಕಾಲಿನ ಮೇಲೆ ಪುಕ್ಕ ಇರಬಾರದು. ಬೆನ್ನಿನ ಗರಿಯನ್ನು ಬೆರಳಿನಿಂದ ಬಿಡಿಸಿದರೆ ಹೊರಗಿನ ಕೆಂಪಿನ ಕೆಳಗೆ ಬೂದುಬಣ್ಣದ ಒಂದು ಪಟ್ಟಿ ಕಾಣಬೇಕು. ದೂರದಿಂದ ಇದು ರೋಡ್ ಐಲೆಂಡ್ ರೆಡ್‌ನಂತೆಯೇ ಕಾಣುವುದರಿಂದ, ಬಲ್ಲವರು ಮೊದಲು ಜುಟ್ಟು ನೋಡುತ್ತಾರೆ, ಆಮೇಲೆ ಬೆನ್ನಿಗೆ ಕೈಹಾಕುತ್ತಾರೆ.

ಪ್ರದರ್ಶನದ ದಿನ ನೋಡಬೇಕು. ದೊಡ್ಡ ಶೆಡ್ಡಿನಲ್ಲಿ ಸಾಲುಸಾಲು ತಂತಿಗೂಡು. ಹಿಂದಿನ ದಿನವೇ ಕೋಳಿಗೆ ಮೂರು ಬೋಗುಣಿಯಲ್ಲಿ ಸ್ನಾನ ಆಗಿರುತ್ತದೆ: ಮೊದಲನೆಯದರಲ್ಲಿ ಪಾತ್ರೆ ತೊಳೆಯುವ ಸೋಪು, ಎರಡನೆಯದರಲ್ಲಿ ಚೂರು ವಿನೆಗರ್, ಮೂರನೆಯದರಲ್ಲಿ ಬರೀ ನೀರು. ಕಾಲಿನ ಹುರುಪೆಯ ಸಂದಿನ ಕೊಳೆ ತೆಗೆಯಲು ಹಳೇ ಟೂತ್‌ಬ್ರಷ್. ಜುಟ್ಟಿಗೆ ತುಸು ವ್ಯಾಸಲೀನ್. ತೀರ್ಪುಗಾರ ಬಂದು ಕೋಳಿಯನ್ನು ತಲೆ ಮುಂದಾಗಿ ಹೊರಗೆ ತೆಗೆದು, ಎದೆಮೂಳೆ ನೆಟ್ಟಗಿದೆಯೇ ಎಂದು ಅಂಗೈಯಲ್ಲಿ ತಡವಿ, ರೆಕ್ಕೆ ಬಿಡಿಸಿ ಉದ್ದ ಗರಿಗಳನ್ನು ಎಣಿಸಿ, ಬೆನ್ನಿನ ಗರಿ ಊದಿ ನೋಡುತ್ತಾನೆ. ಹುಂಜ, ಹೇಂಟೆ, ಎಳೆ ಹುಂಜ, ನಮ್ಮ ಕಡೆ ಲಾಕಿ ಎನ್ನುವ ಎಳೆ ಹೇಂಟೆ, ನಾಲ್ಕಕ್ಕೂ ಬೇರೆಬೇರೆ ಸ್ಪರ್ಧೆ. ಲಾಕಿ ಹುಂಜವನ್ನು ಸೋಲಿಸಿ ಇಡೀ ತಳಿಯಲ್ಲೇ ಮೊದಲ ಸ್ಥಾನ ಪಡೆಯುವುದೂ ಉಂಟು.

ಇಲ್ಲಿ ನಮ್ಮ ಜಿಲ್ಲೆಯ ಹಾಗಿರುವ ಕೌಂಟಿಗಳ ಜಾತ್ರೆಗಳಲ್ಲಿ ಮಕ್ಕಳದೇ ಒಂದು ಸ್ಪರ್ಧೆ ಇರುತ್ತದೆ. ಹತ್ತು ವರ್ಷದ ಹುಡುಗಿ ಕೋಳಿಯನ್ನು ಕಂಕುಳಲ್ಲಿ ಹಿಡಿದು, ರೆಕ್ಕೆ ಬಿಚ್ಚಿ ತೋರಿಸಿ, ಹೇನು ಎಲ್ಲಿ ಅಡಗುತ್ತದೆ, ಹೇಂಟೆ ಮೊಟ್ಟೆ ಇಡುತ್ತಿದೆಯೋ ಇಲ್ಲವೋ ಹೇಗೆ ತಿಳಿಯುವುದು ಎಂದು ಉತ್ತರ ಹೇಳುತ್ತಾಳೆ. ಹೇಂಟೆಯ ಹಿಂಭಾಗದ ಎರಡು ಗೂಟದೆಲುಬುಗಳ ನಡುವೆ ಎಷ್ಟು ಬೆರಳು ಹಿಡಿಯುತ್ತದೆ ಎಂದು ತನ್ನ ಬೆರಳಿಟ್ಟೇ ತೋರಿಸುತ್ತಾಳೆ. ಈ ಮಕ್ಕಳ ಸಂಘಟನೆ, ಫೋರ್-ಎಚ್, 1902ರಲ್ಲಿ ಒಹಾಯೊದ ಕ್ಲಾರ್ಕ್ ಕೌಂಟಿಯಲ್ಲೇ ಹುಟ್ಟಿದ್ದು. ಇದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ನಮ್ಮೂರ ಮಕ್ಕಳಿಗೂ ಇಷ್ಟೇ ಗೊತ್ತಿರುತ್ತದೆ, ಇನ್ನೂ ಹೆಚ್ಚೇ ಗೊತ್ತಿರುತ್ತದೆ. ಅವರನ್ನು ನಿಲ್ಲಿಸಿ ಕೇಳುವವರಿಲ್ಲ.

ನಮ್ಮೂರ ವಿಷಯಕ್ಕೆ ಬರುತ್ತೇನೆ. ತುಳುನಾಡಿನಲ್ಲಿ ಕೋಳಿ ಎಂದರೆ ಅಂಕ, ಅಂದರೆ ಕೋಳಿ ಕಾಳಗ. ಹುಂಜನ ಬಣ್ಣ ನೋಡಿ ಬೊಳ್ಳೆ, ಮೈರೆ, ಉರಿಯೆ, ಕುಪುಳೆ ಎಂದು ಕರೆಯುವ ಹಿರಿಯರು ನಮ್ಮಲ್ಲಿದ್ದಾರೆ. ಯಾವ ಬಣ್ಣದ ಹುಂಜವನ್ನು ಯಾವ ದಿನ ಕಣಕ್ಕೆ ಬಿಡಬೇಕು ಎಂಬುದಕ್ಕೆ ಪಂಚಾಂಗವನ್ನೇ ನೋಡುತ್ತಾರೆ. ನಿಲುವು, ಕಾಲು, ಕಣ್ಣು ನೋಡಿ ಹುಂಜವನ್ನು ಅಳೆಯುವ ಅವರ ಕಣ್ಣು ಇಲ್ಲಿನ ಯಾವ ತೀರ್ಪುಗಾರನ ಕಣ್ಣಿಗೂ ಕಡಿಮೆಯಿಲ್ಲ. ಆದರೆ ಕಾಲಿಗೆ ಬಾಳು, ಅಂದರೆ ಸಣ್ಣ ಕತ್ತಿ, ಕಟ್ಟಿ ಬಿಡುವ ಆಟವನ್ನು ನಾನು ಒಪ್ಪುವುದಿಲ್ಲ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಕಾಯ್ದೆಯ ಪ್ರಕಾರ ಅಪರಾಧ, ಜೂಜು ಬೇರೆ. ಅದಕ್ಕಿಂತ ನನಗೆ ನೋವಾಗುವುದು, ಒಳ್ಳೆಯ ಹುಂಜವೇ ಮೊದಲು ಕಣಕ್ಕೆ ಹೋಗಿ ಸಾಯುತ್ತದೆ. ಇಲ್ಲಿನ ಲೆಕ್ಕದಲ್ಲಿ ಒಳ್ಳೆಯ ಹುಂಜ ಎಂದರೆ ಮುಂದಿನ ಮೂರು ವರ್ಷದ ಮರಿಗಳ ತಂದೆ.

ಹೇಂಟೆಯ ಗತಿ ಇನ್ನೂ ಕೆಟ್ಟದ್ದು. ಕಳೆದ ಸಲ ಊರಿಗೆ ಹೋದಾಗ ಭಾವನ ಅಂಗಳದಲ್ಲಿ ಸೊಗಸಾದ ಹುಂಜವೊಂದು ಕಂಡು, "ಇದರ ತಾಯಿ ಯಾವುದು ಭಾವ?" ಎಂದೆ. "ಹೇಂಟೆಯದ್ದೆಲ್ಲ ಯಾರು ನೋಡ್ತಾರೆ ಮಾರಾಯಾ, ಅದನ್ನು ಕಳೆದ ತಿಂಗಳೇ ಪದಾರ್ಥ ಮಾಡಿ ಆಯ್ತಲ್ಲ" ಎಂದರು. ಹುಂಜನ ಹೆಸರು, ಗೆದ್ದ ಕಣ, ಎದುರಾಳಿಯ ಬಣ್ಣ ಎಲ್ಲವೂ ಅವರ ಬಾಯಲ್ಲಿತ್ತು. ಆ ಹುಂಜನ ಅರ್ಧ ರಕ್ತ ಸಾರಿಗೆ ಹೋಗಿತ್ತು. ಇಲ್ಲಿ ನಾವು ಮರಿ ಒಡೆದ ದಿನವೇ ಕಾಲ್ಬೆರಳ ನಡುವಿನ ಪೊರೆಗೆ ಸಣ್ಣ ತೂತು ಹೊಡೆದು ಗುರುತು ಮಾಡುತ್ತೇವೆ. ಮರಿ ಬೆಳೆದ ಮೇಲೆ ಕಾಲಿಗೆ ನಂಬರಿನ ಉಂಗುರ. ಇಡೀ ಹಿಂಡನ್ನು ಮೂರು ಮನೆತನ ಮಾಡಿ, ಹೆಣ್ಣುಮರಿ ತಾಯಿಯ ಮನೆತನದಲ್ಲೇ ಉಳಿಯುವಂತೆ, ಗಂಡು ಮಾತ್ರ ಪಕ್ಕದ ಮನೆತನಕ್ಕೆ ಹೋಗುವಂತೆ ನೋಡಿಕೊಳ್ಳುತ್ತೇವೆ. ಹೀಗೆ ಮಾಡಿದರೆ ಹೊರಗಿನ ಹುಂಜ ತರದೆಯೂ ಎಷ್ಟೋ ವರ್ಷ ರಕ್ತ ತೀರಾ ಹತ್ತಿರವಾಗದಂತೆ ನಡೆಸಬಹುದು. ವಂಶ ತಾಯಿಯ ಕಡೆಯಿಂದ ಸಾಗುವ ಅಳಿಯಕಟ್ಟಿನ ನಾಡಿನಿಂದ ಬಂದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಮೊದಲ ಬಕ್‌ಐಗಳನ್ನು ಕೊಟ್ಟ ಹಿರಿಯ ರೈತ ತನ್ನಲ್ಲಿದ್ದುದರಲ್ಲೇ ಒಳ್ಳೆಯ ಎಳೆ ಹುಂಜವನ್ನು ನನ್ನ ಪಂಜರಕ್ಕೆ ಹಾಕಿದರು. ಮುಂದಿನ ಪ್ರದರ್ಶನದಲ್ಲಿ ಅದೇ ಹುಂಜ ನಿಮ್ಮದರ ಎದುರು ನಿಲ್ಲುತ್ತದಲ್ಲ ಎಂದೆ. "ನಿಲ್ಲಲಿ. ನನ್ನ ಗೂಡಿಗೆ ಒಂದು ರಾತ್ರಿ ರಕೂನ್ ನುಗ್ಗಿದರೆ ಈ ರಕ್ತ ಕೇಳಿಕೊಂಡು ನಿನ್ನ ಬಾಗಿಲಿಗೇ ಬರಬೇಕು ನಾನು" ಎಂದರು. ಇಲ್ಲಿ ಎದುರಾಳಿಗಳೇ ಒಬ್ಬರಿಗೊಬ್ಬರು ಮೊಟ್ಟೆ ಕೊಟ್ಟುಕೊಳ್ಳುತ್ತಾರೆ. ಹಕ್ಕಿಜ್ವರ ಬಂದು 2015ರಲ್ಲಿ ಒಹಾಯೊ ಸರಕಾರ ಕೋಳಿ ಪ್ರದರ್ಶನಗಳನ್ನೆಲ್ಲ ನಿಲ್ಲಿಸಿತ್ತು. ಅಂಥ ಕಾಲದಲ್ಲಿ ಒಂದು ತಳಿ ಹತ್ತಾರು ಹಿತ್ತಲುಗಳಲ್ಲಿ ಹರಡಿಕೊಂಡಿರುವುದು ಎಷ್ಟು ದೊಡ್ಡ ಧೈರ್ಯ!

ಇಲ್ಲಿನವರದ್ದೆಲ್ಲ ಸರಿ ಎಂದು ನಾನು ಹೇಳಲಾರೆ. ಪ್ರದರ್ಶನದ ಮೇಜಿನ ಮೇಲೆ ಮೊಟ್ಟೆಯ ಲೆಕ್ಕ ಯಾರೂ ಕೇಳುವುದಿಲ್ಲ. ಗರಿಯ ಅಂದಕ್ಕೇ ಆರಿಸಿ ಆರಿಸಿ, ಮೊಟ್ಟೆ ಇಡುವುದನ್ನೇ ಕಡಿಮೆ ಮಾಡಿಕೊಂಡ ಹಿಂಡುಗಳಿವೆ. ಕಾವಿಗೆ ಕೂರುವ ಗುಣವನ್ನು ಕಳೆದುಕೊಂಡ ತಳಿಗಳೂ ಇವೆ. ಮರಿ ಬೇಕಾದರೆ ಯಂತ್ರವೇ ಗತಿ. ನಮ್ಮ ನಾಟಿ ಹೇಂಟೆ ಅಡಿಕೆ ತೋಟದ ಮೂಲೆಯಲ್ಲಿ ತಾನೇ ಗೂಡು ಹುಡುಕಿ, ಇಪ್ಪತ್ತೊಂದು ದಿನ ಕೂತು, ಹದ್ದಿನ ನೆರಳು ಬಿದ್ದೊಡನೆ ಕೂಗಿ ಮರಿಗಳನ್ನು ರೆಕ್ಕೆಯಡಿ ಎಳೆದುಕೊಳ್ಳುತ್ತದೆ. ಆ ಗುಣಕ್ಕೆ ಇಲ್ಲಿನ ಪುಸ್ತಕದಲ್ಲಿ ಅಂಕಗಳಿಲ್ಲ. ನನ್ನ ದೃಷ್ಟಿಯಲ್ಲಿ ಮೊದಲ ಅಂಕ ಅದಕ್ಕೇ ಸಲ್ಲಬೇಕು.

ದನಗಳ ವಿಷಯದಲ್ಲಿ ಕನ್ನಡನಾಡು ಹೀಗಿರಲಿಲ್ಲ. ಮೈಸೂರಿನ ಅರಸರು ದನ ಸಾಕಲು ಇಟ್ಟಿದ್ದ ಬೆಣ್ಣೆ ಚಾವಡಿಯೇ ಮುಂದೆ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಿ ಇಂದಿಗೂ ಹಳ್ಳಿಕಾರ್ ಎತ್ತಿನ ಹಲ್ಲು, ಕೊಂಬು, ಸುಳಿ ನೋಡಿ ಮಾತಾಡುವವರಿದ್ದಾರೆ. ಕೋಳಿಗೆ ಬಂದಾಗ ಮಾತ್ರ ನಾವು ಎಲ್ಲವನ್ನೂ "ನಾಟಿ" ಎಂಬ ಒಂದೇ ಬುಟ್ಟಿಗೆ ಹಾಕಿಬಿಟ್ಟೆವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಗಿರಿರಾಜ ಕೋಳಿಯಿಂದ ಎಷ್ಟೋ ಮನೆಗಳಿಗೆ ಅನುಕೂಲವಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಂಗಳಕ್ಕೆ ಅದು ಬಂದಾಗ ಮೊದಲಿದ್ದ ಕೋಳಿ ಯಾವುದು ಎಂದು ಬರೆದಿಟ್ಟವರು ಅಪರೂಪ. ಮಧ್ಯಪ್ರದೇಶದ ಝಾಬುವಾದ ಕಪ್ಪು ಕೋಳಿ ಕಡಕ್‌ನಾಥ್‌ಗೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಹರಿಯಾಣದ ಕರ್ನಾಲ್‌ನಲ್ಲಿರುವ ಸಂಸ್ಥೆ ಇಡುವ ದೇಶದ ಪ್ರಾಣಿ ತಳಿಗಳ ಪಟ್ಟಿಯಲ್ಲಿ ಆಂಧ್ರ ಮತ್ತು ನಮ್ಮ ಗಡಿಯ ಘಾಗಸ್ ಇದೆ, ಪಕ್ಕದ ಕೇರಳದ ತಲಶ್ಶೇರಿ ಕೋಳಿಯೂ ಇದೆ. ನಮ್ಮ ತುಳುನಾಡಿನದ್ದು ಇಲ್ಲ.

ಭಾವನಿಗೆ ಈಗ ಫೋನಿನಲ್ಲಿ ಹೇಳುತ್ತಿರುವುದು ಇಷ್ಟೇ: ಒಂದು ಭಾನುವಾರ ಆಸುಪಾಸಿನ ನಾಲ್ಕಾರು ಗ್ರಾಮದವರು ಹೇಂಟೆಗಳನ್ನು, ಮರಿ ಸಮೇತ, ಶಾಲೆಯ ಮೈದಾನಕ್ಕೆ ತರಲಿ. ತಕ್ಕಡಿ ಒಂದು, ನೋಟ್‌ಬುಕ್ ಒಂದು ಸಾಕು. ತೂಕ, ಕಾಲಿನ ಬಣ್ಣ, ಜುಟ್ಟು, ವರ್ಷಕ್ಕೆ ಎಷ್ಟು ಸಲ ಕಾವಿಗೆ ಕೂರುತ್ತದೆ, ಹದ್ದು ಮುಂಗುಸಿಗಳಿಂದ ಎಷ್ಟು ಮರಿ ಉಳಿಸಿಕೊಂಡಿತು, ಇವಿಷ್ಟನ್ನು ಬರೆಯಲಿ. ತೀರ್ಪಿಗೆ ಪೇಟೆಯಿಂದ ಯಾರನ್ನೂ ಕರೆಸುವುದು ಬೇಡ. ಅಂಕದ ಕಣದಲ್ಲಿ ಕೂತು ಹುಂಜ ಅಳೆಯುವ ಅದೇ ಹಿರಿಯರು ಬಂದು ಕೂರಲಿ. "ಬಾಳು ಇಲ್ಲದಿದ್ದರೆ ಅವರು ಬರ್ತಾರಾ?" ಎಂದು ಭಾವ ಕೇಳುತ್ತಾರೆ. ಬರುತ್ತಾರೆ ಎಂದೇ ನನ್ನ ನಂಬಿಕೆ. ಕೋಳಿಯ ಬಗ್ಗೆ ಅವರಿಗೆ ಗೊತ್ತಿರುವುದನ್ನು ಇಲ್ಲಿಯವರೆಗೆ ಯಾರೂ ಪುಸ್ತಕ ಹಿಡಿದು ಕೇಳಿಲ್ಲ. ಮುಂದಿನ ಪತ್ತನಾಜೆ, ಅಂದರೆ ಮೇ ಕೊನೆಯಲ್ಲಿ ನಮ್ಮ ಕಡೆಯ ಜಾತ್ರೆಗಳು ಮುಗಿಯುವ ದಿನ, ಕಳೆದು ಮಳೆ ಹಿಡಿಯುವ ಮೊದಲು ಒಂದು ದಿನ ಗೊತ್ತುಮಾಡಿ ಎಂದಿದ್ದೇನೆ. ರಜೆ ಹಾಕಿ ನಾನೂ ಹೋಗುತ್ತೇನೆ, ತಕ್ಕಡಿ ಹಿಡಿಯಲು.