ಶಾಸಕರ ಬಾಗಿಲಿಗೆ ಅಧ್ಯಾಪಕರು ಹೋಗಲೇಬೇಕು

ಅಮೆರಿಕದ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜು (ಎರಡು ವರ್ಷದ ಸರ್ಕಾರಿ ಕಾಲೇಜು) ಅಧ್ಯಾಪಕರು ಪಾಠ ಮಾಡಿಕೊಂಡಿರಲಿ, ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಶಾಸಕರ ಬೆನ್ನು ಹತ್ತುವುದು ಬೇಡ ಎಂದು ಲೇಖಕರೊಬ್ಬರು ಬರೆದಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಅಲ್ಲಿ ಅರೆಕಾಲಿಕ ಅಧ್ಯಾಪಕರು ಒಂದು ಡಿಸ್ಟ್ರಿಕ್ಟ್‌ನಲ್ಲಿ (ಒಂದೇ ಆಡಳಿತದಡಿಯ ಕಾಲೇಜು ವಲಯ) ಪೂರ್ಣಾವಧಿ ಕೆಲಸದ ಶೇ 67ಕ್ಕಿಂತ ಹೆಚ್ಚು ಪಾಠ ಮಾಡುವಂತಿಲ್ಲ. ಇದು ಕಾನೂನು. ಹೊಟ್ಟೆಪಾಡಿಗೆ ಬೆಳಗ್ಗೆ ಒಂದೂರು, ಸಂಜೆ ಇನ್ನೊಂದೂರು. ಉತ್ತರಪತ್ರಿಕೆಗಳೆಲ್ಲ ಕಾರಿನ ಡಿಕ್ಕಿಯಲ್ಲಿ. ವಿದ್ಯಾರ್ಥಿ ಸಂಶಯ ಕೇಳಲು ಬಂದರೆ ಕೂರಿಸಿ ಮಾತಾಡಲು ಎಷ್ಟೋ ಜನರಿಗೆ ಸ್ವಂತದ್ದೊಂದು ಕೋಣೆಯೂ ಇಲ್ಲ. ಈ ಮಿತಿ ಸಡಿಲಿಸುವ ಮಸೂದೆ ಶಾಸನಸಭೆ ದಾಟಿ ಹೋದರೂ ಗವರ್ನರ್ ನ್ಯೂಸಮ್ 2021ರಲ್ಲಿ ತಡೆದರು, 2022ರಲ್ಲಿ ಮತ್ತೆ ತಡೆದರು. ಮುಕ್ಕಾಲು ಪಾಲು ಪಾಠ ಕಾಯಂ ಅಧ್ಯಾಪಕರದ್ದೇ ಆಗಬೇಕು ಎಂಬ ಗುರಿಯಂತೂ 1988ರ ಕಾನೂನಿನಲ್ಲೇ ಇದೆ, ಇಷ್ಟು ವರ್ಷ ಕಳೆದರೂ ಕೈಗೂಡಿಲ್ಲ.

ತರಗತಿಯಲ್ಲಿ ನಿಂತು ಇಂಥವರಿಗೇ ಓಟು ಹಾಕಿ ಎನ್ನುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಕಾಲೇಜಿನ ಹಣ, ಸಲಕರಣೆ ಬಳಸಿ ಚುನಾವಣಾ ಪ್ರಚಾರ ಮಾಡುವುದನ್ನು ಅಲ್ಲಿನ ಶಿಕ್ಷಣ ಸಂಹಿತೆ ನಿಷೇಧಿಸಿಯೂ ಇದೆ. ಆದರೆ ಬಿಡುವಿನ ದಿನ ಸ್ವಂತ ಖರ್ಚಿನಲ್ಲಿ ಹೋಗಿ ಸಮಿತಿಯ ಮುಂದೆ ತನ್ನ ತರಗತಿಯ ಸ್ಥಿತಿ ಹೇಳಿಕೊಳ್ಳುವುದು ಬೇರೆ. ಬಜೆಟ್ ಬರೆಯುವವರಿಗೆ ಅದನ್ನು ಇವರಲ್ಲದೆ ಇನ್ಯಾರು ಹೇಳಬೇಕು?