ಡೆಂಗಿ ರಿಪೋರ್ಟ್ ಓದುವ ಮೊದಲು ತಾಯಿ ಕಾರ್ಡ್ ತೆಗೆಯಿರಿ

ಡೆಂಗಿ ಐಜಿಜಿ (ಹಳೆಯ ಸೋಂಕಿನ ಗುರುತಾಗಿ ರಕ್ತದಲ್ಲಿ ಉಳಿಯುವ ಪ್ರತಿಕಾಯ) ಪಾಸಿಟಿವ್ ಬಂದ ತಕ್ಷಣ ‘ಹಿಂದೆ ಡೆಂಗಿ ಆಗಿತ್ತು’ ಅಂತ ಷರಾ ಬರೆದುಬಿಡುತ್ತಾರೆ. ಮಗು ಕೋಲಾರದ್ದೋ ಮಂಡ್ಯದ್ದೋ ಆಗಿದ್ದರೆ ಮೊದಲು ತಾಯಿ ಕಾರ್ಡ್ ಕೇಳಬೇಕು. 9 ತಿಂಗಳಿಗೊಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಜೆಇ ಲಸಿಕೆ, ಅಂದರೆ ಮೆದುಳು ಜ್ವರದ ಲಸಿಕೆ, ಬಿದ್ದಿದೆಯಾ? ಆ ಪಾಸಿಟಿವ್ ಲಸಿಕೆಯದೇ ಇರಬಹುದು. ಆಫ್ರಿಕಾಕ್ಕೆ ಹೊರಟು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡವರಿಗೂ ಇದೇ ಮಾತು.

ಜೆಇ, ಡೆಂಗಿ, ಹಳದಿ ಜ್ವರ, ಜೀಕಾ ಎಲ್ಲ ಫ್ಲೇವಿವೈರಸ್ ಮನೆತನ. (ಉಣ್ಣಿ ಹುಳದಿಂದ ಹರಡುವ ಮಂಗನ ಕಾಯಿಲೆಯೂ ಇದೇ ಮನೆಯದು.) ಇವುಗಳ ಮೇಲ್ಮೈಯ ಇ-ಪ್ರೋಟೀನ್‌ನಲ್ಲಿ ಫ್ಯೂಷನ್ ಲೂಪ್ ಅನ್ನೋ ತುಣುಕು ಹೆಚ್ಚುಕಮ್ಮಿ ಒಂದೇ. ಅದಕ್ಕೆ ಹುಟ್ಟುವ ಪ್ರತಿಕಾಯಗಳು ಎಲ್ಲಕ್ಕೂ ಅಂಟುತ್ತವೆ, ಆದರೆ ಕೊಲ್ಲುವ ಕಸುವು ಕಡಿಮೆ. ಹೊಸ ನೆಂಟ ವೈರಸ್ ಬಂದಾಗ ಹಳೆಯ ನೆನಪಿನ ಜೀವಕೋಶಗಳೇ ಮೊದಲು ಎದ್ದು ಐಜಿಜಿ ಸುರಿಸುತ್ತವೆ, ಹೊಸ ಸೋಂಕಿಗೆ ಮೊದಲು ಏಳಬೇಕಾದ ಐಜಿಎಂ ಪ್ರತಿಕಾಯ ಸೊರಗುತ್ತದೆ. ಹಾಗಾಗಿ ಐಜಿಎಂ ನೆಗೆಟಿವ್ ಅಂದಮಾತ್ರಕ್ಕೆ ಡೆಂಗಿ ಇಲ್ಲ ಅನ್ನುವಂತಿಲ್ಲ. ಜ್ವರದ ಮೊದಲ 5 ದಿನದೊಳಗೆ ಪ್ರತಿಕಾಯವನ್ನಲ್ಲ, ವೈರಸ್ಸನ್ನೇ ಹುಡುಕುವ ಎನ್‌ಎಸ್1 ಅಥವಾ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಿಸಿ.

ಯಾವ ವೈರಸ್ಸಿನ ಪ್ರತಿಕಾಯ ಅಂತ ನಿಜವಾಗಿ ಬಿಡಿಸಿ ನೋಡಬೇಕಾದರೆ ಪಿಆರ್‌ಎನ್‌ಟಿ ಅನ್ನೋ ಪರೀಕ್ಷೆ. ಸೀರಮ್ಮನ್ನು (ರಕ್ತದ ತಿಳಿಯನ್ನು) 1:10, 1:20, 1:40 ಹೀಗೆ ತೆಳುಮಾಡುತ್ತಾ, ಜೀವಂತ ವೈರಸ್ ಜೊತೆ ಬೆರೆಸಿ, ಜೀವಕೋಶಗಳ ಹಾಸಿನ ಮೇಲೆ ಹಾಕಿ, ಎಷ್ಟು ತೂತು ಬಿತ್ತು ಅಂತ ಎಣಿಸುವುದು. ಜೆಇ ಮತ್ತು ಡೆಂಗಿಯ ನಾಲ್ಕೂ ಬಗೆಯನ್ನು ಪಕ್ಕಪಕ್ಕದಲ್ಲಿ ಮಾಡಬೇಕು. ದಿನಗಟ್ಟಲೆ ಹಿಡಿಯುವ ಕೆಲಸ, ಬೀದಿಬದಿ ಲ್ಯಾಬಿನದಲ್ಲ.

ಅಂಟಿಯೂ ಕೊಲ್ಲದ ಪ್ರತಿಕಾಯ ವೈರಸ್ಸನ್ನು ಕೈಹಿಡಿದು ಜೀವಕೋಶದೊಳಗೆ ಬಿಟ್ಟುಬರುತ್ತದೆ. 2017ರಲ್ಲಿ ಪ್ರಕಟವಾದ ನಿಕರಾಗುವಾ ಮಕ್ಕಳ ಅಧ್ಯಯನದಲ್ಲಿ ತೀವ್ರ ಡೆಂಗಿಯ ಅಪಾಯ ಏರಿದ್ದು ಡೆಂಗಿ ಪ್ರತಿಕಾಯದ ಟೈಟರ್ (ರಕ್ತವನ್ನು ಎಷ್ಟು ತೆಳುಮಾಡಿದರೂ ಪ್ರತಿಕಾಯ ಸಿಗುತ್ತದೆ ಅನ್ನೋ ಅಳತೆ) 1:21ರಿಂದ 1:80ರ ನಡುವೆ ಇದ್ದವರಿಗೆ. ಅದಕ್ಕಿಂತ ತುಂಬ ಮೇಲಿದ್ದವರಿಗೆ ರಕ್ಷಣೆಯೇ ಸಿಕ್ಕಿತ್ತು. ಥಾಯ್ಲೆಂಡಿನ ಶಾಲಾಮಕ್ಕಳಲ್ಲಿ ಜೆಇ ಪ್ರತಿಕಾಯ ಇದ್ದವರಿಗೆ ಡೆಂಗಿ ಸೋಂಕು ಸದ್ದಿಲ್ಲದೆ ಹೋಗುವ ಬದಲು ಜ್ವರವಾಗಿ ಕಾಣಿಸಿಕೊಂಡದ್ದು ಹೆಚ್ಚು. ಇದನ್ನೋದಿ ಜೆಇ ಲಸಿಕೆ ಬೇಡ ಅನ್ನಬೇಡಿ, ದಯವಿಟ್ಟು. ಮೆದುಳು ಜ್ವರ ಕಾಣಿಸಿಕೊಂಡವರಲ್ಲಿ 100ಕ್ಕೆ 30ರವರೆಗೂ ಸಾಯುತ್ತಾರೆ.

ಫಿಲಿಪ್ಪೀನ್ಸ್‌ನಲ್ಲಿ 2016ರಿಂದ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಡೆಂಗ್‌ವ್ಯಾಕ್ಸಿಯಾ ಹಾಕಿದರು. ಹಳದಿ ಜ್ವರದ ಲಸಿಕೆ ವೈರಸ್ಸಿಗೆ ಡೆಂಗಿಯ ಹೊರಕವಚ ತೊಡಿಸಿದ ಲಸಿಕೆ ಅದು. ಎಂದೂ ಡೆಂಗಿ ಆಗದ ಮಕ್ಕಳಿಗೆ ಅದೇ ಮೊದಲ ಸೋಂಕಿನಂತಾಗಿ, ಮುಂದೆ ನಿಜವಾದ ಡೆಂಗಿ ಬಂದಾಗ ಆಸ್ಪತ್ರೆ ಸೇರುವ ಅಪಾಯ ಹೆಚ್ಚಿತು. 2017ರ ನವೆಂಬರಿನಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಆಮೇಲೆ ಬಂದ ನಿಯಮ: ಮೊದಲು ರಕ್ತಪರೀಕ್ಷೆ, ಹಿಂದೆ ಡೆಂಗಿ ಆಗಿದ್ದರಷ್ಟೇ ಲಸಿಕೆ.

ಜೆಇ ಲಸಿಕೆಯಿಂದ ಸುಳ್ಳು ಪಾಸಿಟಿವ್ ಬಂದ ಮಗು ಈ ಜರಡಿಯಲ್ಲಿ ಸಲೀಸಾಗಿ ನುಸುಳಿಬಿಡುತ್ತದೆ! ನಮ್ಮಲ್ಲೂ ಒಂದೇ ಡೋಸಿನ ಡೆಂಗಿಆಲ್ ಲಸಿಕೆಯ ಮೂರನೇ ಹಂತದ ಪ್ರಯೋಗ 2024ರಲ್ಲಿ ಶುರುವಾಗಿದೆ. ಅದರ ತಯಾರಿಕೆ ಬೇರೆ, ಡೆಂಗ್‌ವ್ಯಾಕ್ಸಿಯಾ ಕಥೆಯನ್ನು ಅದಕ್ಕೆ ಅಂಟಿಸುವಂತಿಲ್ಲ. ಆದರೂ ಲ್ಯಾಬ್ ಫಾರ್ಮಿನಲ್ಲಿ ‘ಜ್ವರ ಬಂದು ಎಷ್ಟು ದಿನ’ ಅನ್ನುವುದರ ಕೆಳಗೆ ‘ಜೆಇ / ಹಳದಿ ಜ್ವರ ಲಸಿಕೆ ಹಾಕಿದ ತಾರೀಖು’ ಅಂತ ಒಂದು ಖಾಲಿ ಗೆರೆ ಈಗಲೇ ಎಳೆಯಬಹುದು.